ಕಬ್ಬಿನ ಸಿಪ್ಪೆಯಿಂದ ಬಣ್ಣದ ನೀರು ತಿಳಿ ಮಾಡುವುದು ಹೇಗೆ?

ಮಂಡ್ಯದಲ್ಲಿ ಕಬ್ಬಿನ ಸಿಪ್ಪೆಗೆ ಬರವಿಲ್ಲ. ಆಲೆಮನೆ ಅಂಗಳದಲ್ಲಿ ಒಣಗಿ ಒಲೆ ಸೇರುತ್ತದೆ, ಜ್ಯೂಸ್ ಅಂಗಡಿ ಪಕ್ಕ ರಾಶಿ ಬಿದ್ದು ನೊಣ ಮುತ್ತಿಸಿಕೊಳ್ಳುತ್ತದೆ. ಈ ಸಿಪ್ಪೆಗೆ ನೀರಿನಲ್ಲಿರುವ ರಾಸಾಯನಿಕ ಬಣ್ಣವನ್ನು ಮೈಗಂಟಿಸಿಕೊಳ್ಳುವ ಗುಣವಿದೆ. ಅದನ್ನು ಮಕ್ಕಳ ಜೊತೆ ಕೂತು ಮನೆಯಲ್ಲೇ ಮಾಡಿ ನೋಡಬಹುದು.

ಬಟ್ಟೆಯ ಬಣ್ಣವನ್ನು ತಯಾರಿಸುವುದೇ ಬಿಸಿಲು, ಸೋಪಿಗೆ ಜಗ್ಗದಿರಲಿ ಎಂದು. ನಾಲೆಗೆ ಬಿದ್ದ ಮೇಲೂ ಅದು ಅಷ್ಟು ಬೇಗ ಅಳಿಯುವುದಿಲ್ಲ. ಬಿಸಿಲು ಒಳಗಿಳಿಯದೆ ಪಾಚಿ, ಜಲಸಸ್ಯಗಳು ಸೊರಗುತ್ತವೆ, ಮೀನಿಗೆ ಬೇಕಾದ ಆಮ್ಲಜನಕ ಕುಗ್ಗುತ್ತದೆ. ಬಟ್ಟೆಗೆ ಹೆಚ್ಚಾಗಿ ಬಳಸುವ ಅಜೋ ವರ್ಗದ ಬಣ್ಣಗಳು ಗಾಳಿಯಾಡದ ಕೆಸರಿನಲ್ಲಿ ಒಡೆದು ಅಮೀನ್ ಎಂಬ ರಾಸಾಯನಿಕಗಳಾಗುತ್ತವೆ. ಅವುಗಳಲ್ಲಿ ಬೆಂಜಿಡೀನ್‌ನಂಥವು ಕ್ಯಾನ್ಸರ್ ತರುತ್ತವೆ.

ಸಿಪ್ಪೆ ಹದ ಮಾಡುವುದು

ಎರಡು ಹಿಡಿ ಸಿಪ್ಪೆಯನ್ನು ಚೂರು ಮಾಡಿ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಬಸಿಯಿರಿ. ಬಸಿದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮಾಡಿ. ಇಲ್ಲಿ ಆತುರ ಬೇಡ. ಸಕ್ಕರೆ ಉಳಿದರೆ ಸಿಪ್ಪೆ ಹುಳಿಯುತ್ತದೆ, ಅದರದ್ದೇ ಕಂದು ಬಣ್ಣ ನೀರಿಗಿಳಿದು ಪ್ರಯೋಗವನ್ನೇ ಕೆಡಿಸುತ್ತದೆ. ಎರಡು ಮೂರು ದಿನ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಸಣ್ಣ ರವೆಯಂತಿದ್ದರೆ ಚೆನ್ನ. ತೀರಾ ನುಣ್ಣಗಾದರೆ ಸೋಸುವಾಗ ಕಟ್ಟಿಕೊಳ್ಳುತ್ತದೆ.

ಬಣ್ಣ ಹಿಡಿಸುವುದು

ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣ ಸಿಗುತ್ತದೆ. ಕೈಗವಸು ಹಾಕಿಕೊಂಡು, ಒಂದು ಲೀಟರ್ ನೀರಿಗೆ ಐದಾರು ಹನಿ ಬಿಡಿ. ಎರಡು ಗಾಜಿನ ಲೋಟಕ್ಕೆ ಸಮನಾಗಿ ಸುರಿದು, ಒಂದಕ್ಕೆ ಮಾತ್ರ ಒಂದು ಚಮಚ ಪುಡಿ ಹಾಕಿ ಕಲಕುತ್ತಿರಿ. ಇನ್ನೊಂದು ಹೋಲಿಕೆಗೆ. 5, 15, 30, 60 ನಿಮಿಷವಾದಾಗ ಲೋಟದ ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ಮೊದಲು ಬೇಗ ತಿಳಿಯಾಗುತ್ತದೆ, ಆಮೇಲೆ ನಿಧಾನ. ಪುಡಿಯ ಹೊರಮೈಯಲ್ಲಿ ಜಾಗ ತುಂಬಿದ ಮೇಲೆ ಬಣ್ಣದ ಅಣುಗಳು ಒಳಗಿನ ಸಣ್ಣ ರಂಧ್ರಗಳಿಗೆ ನುಸುಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಅಂಟುವುದೇಕೆ? ಸಿಪ್ಪೆಯ ನಾರಿನಲ್ಲಿರುವ ಸೆಲ್ಯುಲೋಸ್, ಲಿಗ್ನಿನ್ ಎಂಬ ವಸ್ತುಗಳ ಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ, ಮೆಥಿಲೀನ್ ಬ್ಲೂ ಧನ. ಒಂದನ್ನೊಂದು ಸೆಳೆಯುತ್ತವೆ.

ಈಗ ಅದೇ ಪುಡಿಯನ್ನು ಜಿಲೇಬಿಗೆ ಹಾಕುವ ಹಳದಿ ಬಣ್ಣ, ಅಂದರೆ ಟಾರ್ಟ್ರಜೀನ್ ಕಲಸಿದ ನೀರಿಗೆ ಹಾಕಿ. ಅಷ್ಟಾಗಿ ಹಿಡಿಯುವುದಿಲ್ಲ, ಯಾಕೆಂದರೆ ಆ ಬಣ್ಣವೂ ಋಣವೇ. ನಿಂಬೆರಸ ಹಿಂಡಿ ಹುಳಿ ಮಾಡಿದರೆ ಪುಡಿಯ ಋಣಾಂಶ ತಗ್ಗಿ ಸ್ವಲ್ಪ ವಾಸಿ. ನಮ್ಮ ಕಡೆಗೆ ಈ ಎರಡನೆಯ ಪ್ರಯೋಗವೇ ಮುಖ್ಯ ಅನ್ನುತ್ತೇನೆ. ಮೈಸೂರಿನಲ್ಲಿ 1912ರಿಂದ ರೇಷ್ಮೆ ಕಾರ್ಖಾನೆ ಇದೆ, ಶ್ರೀರಂಗಪಟ್ಟಣದ ಹತ್ತಿರ ಕೊಡಿಯಾಲದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ರೇಷ್ಮೆಗೆ ಹೆಚ್ಚಾಗಿ ಹಾಕುವ ಆಸಿಡ್ ಬಣ್ಣಗಳು ಇದೇ ಋಣ ಜಾತಿಯವು. ಸಮಾಧಾನವೆಂದರೆ ಅಸೆಟಿಕ್ ಆಮ್ಲ ಬೆರೆಸಿ ಬಣ್ಣ ಕಟ್ಟಿದ ನೀರು ಮೊದಲೇ ಹುಳಿ ಇರುತ್ತದೆ. ಯಾವ ಬಣ್ಣವೆಂದು ತಿಳಿಯದೆ ಸಿಪ್ಪೆ ಸುರಿದರೆ ಶ್ರಮವಷ್ಟೇ ದಂಡ.

ಸೋಸುಬುಡ್ಡಿ

ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಬಾಯಿಗೆ ಹತ್ತಿ, ಅದರ ಮೇಲೆ ತೊಳೆದ ಮರಳು, ನಾಲ್ಕು ಬೆರಳು ನೆನೆಸಿದ ಪುಡಿ, ಮತ್ತೆ ಮರಳು. ನೀಲಿ ನೀರನ್ನು ಹನಿಹನಿಯಾಗಿ ಬಿಡಿ. ನೀಲಿ ಪಟ್ಟಿಯೊಂದು ಪುಡಿಯಲ್ಲಿ ಮೆಲ್ಲಗೆ ಕೆಳಗಿಳಿಯುತ್ತದೆ. ಕೆಳಗಿನಿಂದ ಬಣ್ಣದ ನೀರು ಬರತೊಡಗಿದರೆ ಪುಡಿ ಬದಲಿಸಬೇಕು.

ತಿಳಿಯಾದ ನೀರನ್ನು ಕುಡಿಯಬೇಡಿ, ದನಕ್ಕೂ ಕುಡಿಸಬೇಡಿ. ಬಟ್ಟೆಗೆ ಬಣ್ಣ ಹಾಕಿದ ನೀರಾದರೆ, ಬಣ್ಣದ ಜೊತೆ ಬೆರೆಸುವ ಉಪ್ಪು ಹಾಗೆಯೇ ಉಳಿದಿರುತ್ತದೆ, ಕೆಲವು ರಾಸಾಯನಿಕಗಳೂ ಉಳಿದಿರಬಹುದು. ಬಣ್ಣ ನಾಶವಾಗಿಲ್ಲ, ನೀರಿನಿಂದ ಸಿಪ್ಪೆಗೆ ಜಾಗ ಬದಲಿಸಿದೆ ಅಷ್ಟೆ. ಆದ್ದರಿಂದ ಬಣ್ಣ ಕುಡಿದ ಸಿಪ್ಪೆಯನ್ನು ತಿಪ್ಪೆಗೆ ಎಸೆಯಬಾರದು, ಮಳೆಗೆ ಮತ್ತೆ ಇಳಿದುಬಿಡುತ್ತದೆ. ಬಟ್ಟೆಗೆ ಬಣ್ಣ ಹಾಕುವ ಘಟಕದವರು ಅದನ್ನು ಒಣಗಿಸಿ, ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಪರವಾನಗಿ ಇರುವವರಿಗೇ ಒಪ್ಪಿಸಬೇಕು. ಉರಿಯುತ್ತದಲ್ಲ ಎಂದು ಬೆಲ್ಲದ ಕೊಪ್ಪರಿಗೆಯ ಕೆಳಗಂತೂ ತಳ್ಳಲೇಬಾರದು.