ಕೆಮ್ಮುವ ನಾಯಿ ಮನೆಯಲ್ಲೇ ಇರಲಿ

ನಾಯಿ ಕತ್ತು ಮುಂದೆ ಚಾಚಿ, ಒಂದೇ ಸಮನೆ ಒಣಕೆಮ್ಮು ಕೆಮ್ಮುತ್ತದೆ. ಕೊನೆಗೆ ಓಕರಿಸಿ ಒಂದಿಷ್ಟು ಬಿಳಿ ನೊರೆ ಕಕ್ಕುತ್ತದೆ. ನೋಡಿದವರು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅಂದುಕೊಂಡು ಬಾಯಿಗೆ ಬೆರಳು ಹಾಕಲು ಹೋಗುತ್ತಾರೆ. ಬೇಡ, ಸುಮ್ನೆ ಕಚ್ಚಿಸಿಕೊಳ್ಳುತ್ತೀರಿ. ಇನ್ನೊಂದು ನಾಯಿಯ ಜೊತೆ ಬೆರೆತು ಬಂದ ಕೆಲವು ದಿನಕ್ಕೆ ಇದು ಶುರುವಾಗಿದ್ದರೆ ಹೆಚ್ಚಾಗಿ ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು, ಇರುತ್ತದೆ. ಮೂಳೆ ನಿಜಕ್ಕೂ ಸಿಕ್ಕಿದ್ದರೆ ನಾಯಿ ಜೊಲ್ಲು ಸುರಿಸುತ್ತಾ ಕಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ಆಗ ನೇರ ಡಾಕ್ಟರ ಹತ್ತಿರ.

ಈ ಕೆಮ್ಮಿಗೆ ಕಾರಣ ಒಂದೇ ರೋಗಾಣು ಅಲ್ಲ. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ, ಅಡಿನೋ ವೈರಸ್, ನಾಯಿ ಫ್ಲೂ, ಹೀಗೆ ಹಲವು. ಎರಡು ಮೂರು ಒಟ್ಟಿಗೆ ಬರುವುದೂ ಉಂಟು. ಕೆಮ್ಮು, ಸೀನಿನ ಹನಿಗಳಲ್ಲಿ, ಹಂಚಿಕೊಂಡ ನೀರಿನ ಬಟ್ಟಲಲ್ಲಿ, ಆಟಿಕೆಯಲ್ಲಿ, ನಮ್ಮ ಕೈಯಲ್ಲೂ ದಾಟುತ್ತದೆ. ಬೇರೆ ನಾಯಿಯನ್ನು ಮುದ್ದಾಡಿ ಬಂದವರು ಕೈ ತೊಳೆದೇ ನಿಮ್ಮ ನಾಯಿಯನ್ನು ಮುಟ್ಟಲಿ. ಹೊರಗೆ ಹೋಗುವಾಗ ನಿಮ್ಮದೇ ನೀರು, ನಿಮ್ಮದೇ ಬಟ್ಟಲು ಒಯ್ಯಿರಿ.

ಲಸಿಕೆಯ ವಿಷಯದಲ್ಲಿ ಜನ ಕೊನೆಗಳಿಗೆಯವರೆಗೂ ಕಾಯುತ್ತಾರೆ. ನಾಳೆ ಬೋರ್ಡಿಂಗಿಗೆ (ಊರಿಗೆ ಹೋಗುವಾಗ ನಾಯಿ ನೋಡಿಕೊಳ್ಳುವ ಜಾಗಕ್ಕೆ) ಬಿಡಬೇಕು, ಇವತ್ತು ಚುಚ್ಚಿಸಿ ಅಂದರೆ ಹೇಗೆ? ಮೈಗೆ ರೋಗ ತಡೆಯುವ ಶಕ್ತಿ ಬರಲು ಸಮಯ ಬೇಕು. ಮೂಗಿಗೆ ಹನಿ ಹಾಕುವ ಬೋರ್ಡೆಟೆಲ್ಲಾ ಲಸಿಕೆ ಒಂದೇ ಡೋಸಿಗೆ ಬೇಗ ಕೆಲಸ ಮಾಡುತ್ತದೆ. ಚುಚ್ಚುಮದ್ದಾದರೆ ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಲಸಿಕೆ ಹಾಕಿಸಿದರೂ ಕೆಮ್ಮು ಬರಬಹುದು, ಆದರೆ ಅಷ್ಟು ಜೋರಾಗಿರುವುದಿಲ್ಲ. ಮರಿಗಳಿಗೆ ಡಿಸ್ಟೆಂಪರ್ ಲಸಿಕೆಯನ್ನಂತೂ ತಪ್ಪಿಸಲೇಬೇಡಿ. ಅದು ಕೆಮ್ಮು, ಕಣ್ಣಿನ ಪಿಸುರಿನಿಂದ ಶುರುವಾಗಿ ಮಿದುಳಿನವರೆಗೆ ಹೋಗುವ ಕಾಯಿಲೆ. 6-8 ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೂ ಡಾಕ್ಟರ್ ಹೇಳಿದ ಹಾಗೆ ಹಾಕಿಸಬೇಕು. ಅದು ಮುಗಿಯುವವರೆಗೆ ಗೊತ್ತಿಲ್ಲದ ನಾಯಿಗಳ ಗುಂಪಿಗೆ ಬಿಡಬೇಡಿ.

ಕೆಮ್ಮು ಬಂದೇಬಿಟ್ಟರೆ ಮೊದಲ ಕೆಲಸ ಬೇರೆ ಇಡುವುದು. ಮನೆಯ ಇನ್ನೊಂದು ನಾಯಿಗೆ ಅಷ್ಟರಲ್ಲಿ ಅಂಟಿರಬಹುದು, ಆದರೂ ಬಟ್ಟಲು, ಹಾಸಿಗೆ ಬೇರೆ ಮಾಡಿ. ಕೆಮ್ಮು ನಿಂತ ಕೂಡಲೇ ವಾಕಿಂಗಿಗೆ ಎಳೆದುಕೊಂಡು ಹೋಗಬೇಡಿ. ಮೇಲೆ ಗುಣವಾದಂತೆ ಕಂಡರೂ ಕೆಲವು ನಾಯಿಗಳು ವಾರಗಟ್ಟಲೆ ರೋಗಾಣು ಹೊರಹಾಕುತ್ತಿರುತ್ತವೆ. ಪಾರ್ಕಿಗೆ ಯಾವಾಗ ಬಿಡಬಹುದು ಅಂತ ಡಾಕ್ಟರನ್ನೇ ಕೇಳಿ. ಬೇರೆಯವರ ನಾಯಿಯೂ ಅವರಿಗೆ ಮಗುವಿನ ಹಾಗೇ ಅಲ್ವಾ?

ಕತ್ತಿನ ಪಟ್ಟಿ ತೆಗೆದು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ. ಪಟ್ಟಿ ಶ್ವಾಸನಾಳಕ್ಕೆ ಒತ್ತಿದರೆ ಸಾಕು, ಮತ್ತೆ ಕೆಮ್ಮು. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಆವಿ ತುಂಬಿದಾಗ ನಾಯಿಯನ್ನು ಹತ್ತು ನಿಮಿಷ ಜೊತೆಗೆ ಕೂರಿಸಿಕೊಂಡರೆ ಗಂಟಲಿಗೆ ಹಿತ. ಪಗ್ ಥರದ ಮೂತಿ ಚಪ್ಪಟೆಯಾದ ನಾಯಿಗೆ ಮಾತ್ರ ಇದು ಬೇಡ, ಸೆಕೆಗೆ ಅದರ ಉಸಿರು ಇನ್ನೂ ಕಟ್ಟುತ್ತದೆ. ಸಿಗರೇಟು, ಊದುಬತ್ತಿ, ಸೊಳ್ಳೆ ಬತ್ತಿ ಹೊಗೆ ಆ ಕೋಣೆಗೆ ಸುಳಿಯಬಾರದು.

ನಮ್ಮ ಮಾತ್ರೆ, ಸಿರಪ್ಪು ಕೊಡಲೇಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. ಕೆಲವು ಸಿರಪ್ಪಿನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿ ಪ್ರಾಣಕ್ಕೇ ಕುತ್ತು ತರುತ್ತದೆ.

ಊಟ ಮಾಡಿಕೊಂಡು ಚುರುಕಾಗಿರುವ ಬೆಳೆದ ನಾಯಿ ಒಂದೆರಡು ವಾರದಲ್ಲಿ ಹೆಚ್ಚಾಗಿ ತಾನೇ ಸುಧಾರಿಸುತ್ತದೆ. ಮರಿ, ಮುದಿ ನಾಯಿ, ಗಬ್ಬದ ನಾಯಿಗೆ ಕೆಮ್ಮು ಬಂದರೆ ಮೊದಲ ದಿನವೇ ತೋರಿಸಿ. ನಾಯಿ ಮಲಗಿ ನಿದ್ದೆ ಹೋದಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, ಏರಿ ಇಳಿದರೆ ಒಂದು. 30ಕ್ಕಿಂತ ಜಾಸ್ತಿಯೇ ಬರುತ್ತಿದ್ದರೆ, ಊಟ ಬಿಟ್ಟರೆ, ಮೂಗಿನಿಂದ ಹಳದಿ-ಹಸಿರು ಸಿಂಬಳ ಸುರಿದರೆ ಅದು ನ್ಯುಮೋನಿಯಾಕ್ಕೆ ತಿರುಗಿರಬಹುದು, ಅವತ್ತೇ ಹೋಗಿ. ಒಸಡು ನೀಲಿಯಾದರೆ ಒಂದು ನಿಮಿಷವೂ ಕಾಯಬೇಡಿ. ಹೋಗುವ ಮೊದಲು ಫೋನ್ ಮಾಡಿ ಕೆಮ್ಮು ಇದೆ ಎಂದು ಹೇಳಿ, ಸರದಿ ಬರುವವರೆಗೆ ನಾಯಿಯನ್ನು ಹೊರಗೇ ಇರಿಸಿಕೊಳ್ಳಿ. ಒಳಗೆ ಕೂತಿರುವ ಬೇರೆ ನಾಯಿಗಳಿಗೆ ಅಂಟುವುದು ತಪ್ಪುತ್ತದೆ.