ಎಟಿವಿಯ ಹಿಂದಿನ ಡಿಫರೆನ್ಷಿಯಲ್, ಆಕ್ಸಲ್ ಬದಲಿಸಿದ್ದು

ಗಂಗಾವತಿಯಲ್ಲಿ ನನ್ನದು ಟ್ರ್ಯಾಕ್ಟರ್ ಗ್ಯಾರೇಜು. ಭತ್ತದ ಸೀಮೆ, ಹಾಗಾಗಿ ಕೆಸರುನೀರು ಹೊಕ್ಕ ಹೌಸಿಂಗ್, ಅಂದರೆ ಗೇರುಗಳ ಡಬ್ಬಿ, ಬಿಚ್ಚೋದು ನಮಗೆ ಮಾಮೂಲು. ಎಟಿವಿ, ಅಂದರೆ ಕಲ್ಲು-ಕೆಸರಲ್ಲೂ ಓಡುವ ನಾಲ್ಕು ಚಕ್ರದ ಬೈಕಿನಂಥ ಗಾಡಿ, ಕೈಗೆ ಬರೋದು ಮಾತ್ರ ಅಪರೂಪ. ಇದು ಸಾಣಾಪುರದ ಕಡೆ ಪ್ರವಾಸಿಗರನ್ನು ಸುತ್ತಾಡಿಸುವ ಗಾಡಿ. ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಸುವಂತಿಲ್ಲ. ಟಾಟಾ ಏಸ್‌ನಲ್ಲಿ ಹೇರಿಕೊಂಡು ತಂದರು. ತಿರುಗಿಸಿದರೆ ಟಕಟಕ, ಎಕ್ಸಲರೇಟರ್ ಕೊಟ್ಟರೆ ಹಿಂದಿನಿಂದ ಗರ್ ಅನ್ನೋ ಸದ್ದು. ಇವು ಎರಡು ಬೇರೆ ಬೇರೆ ರೋಗ.

ಟಕಟಕ ಎಡಗಡೆ ಆಕ್ಸಲ್‌ನದು. ಆಕ್ಸಲ್ ಬಾಗಿದ್ದರೂ ತಿರುಗಲು ಬಿಡುವ ಕೀಲು, ಅಂದರೆ ಸಿವಿ ಜಾಯಿಂಟ್, ಅದರ ಮೇಲಿನ ರಬ್ಬರ್ ಬೂಟ್ ಹರಿದಿತ್ತು. ಬಳ್ಳಾರಿ ಜಾಲಿಯ ಮುಳ್ಳು ಇನ್ನೂ ಅದರಲ್ಲೇ ಚುಚ್ಚಿಕೊಂಡಿತ್ತು. ಗ್ರೀಸ್ ಹೊರಗೆ, ಮರಳು ಒಳಗೆ. ಇನ್ನೊಂದು ಕಾರಣವೂ ಇದೆ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋದು ಡಿಫರೆನ್ಷಿಯಲ್. ಬಹಳ ಎಟಿವಿಗಳಲ್ಲಿ ಹಿಂದೆ ಅಂಥ ನಿಜವಾದ ಡಿಫರೆನ್ಷಿಯಲ್ಲೇ ಇರೋದಿಲ್ಲ. ಕ್ರೌನ್, ಪಿನಿಯನ್ ಅನ್ನೋ ಎರಡು ಹಲ್ಲುಚಕ್ರ ಅಷ್ಟೇ. ಎರಡೂ ಚಕ್ರ ಸದಾ ಒಟ್ಟಿಗೇ ತಿರುಗುತ್ತವೆ, ಟ್ರ್ಯಾಕ್ಟರಿನಲ್ಲಿ ಡಿಫರೆನ್ಷಿಯಲ್ ಲಾಕ್ ಹಾಕಿಕೊಂಡೇ ಓಡಿಸಿದ ಹಾಗೆ. ಕೆಸರಲ್ಲಾದರೆ ಟೈರು ಜಾರಿಕೊಳ್ಳುತ್ತದೆ. ಆನೆಗೊಂದಿಯ ಬಂಡೆ ಮೇಲೆ ಎಲ್ಲಿ ಜಾರಬೇಕು? ತಿರುವಿನ ಎಳೆದಾಟವೆಲ್ಲ ಜಾಯಿಂಟ್ ಮೇಲೆ ಬೀಳುತ್ತದೆ. ಈ ಗಾಡಿಯೂ ಅದೇ ಜಾತಿ. ಎಲ್ಲರೂ ಡಿಫರೆನ್ಷಿಯಲ್ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ.

ಗರ್ ಸದ್ದಿನ ಕಾರಣ ಡ್ರೈನ್ ಬೋಲ್ಟ್ ಬಿಚ್ಚಿದ ಕೂಡಲೇ ಗೊತ್ತಾಯಿತು. "ಅಣ್ಣಾ, ಇದರಾಗಿಂದ ಚಾ ಬರಾಕತ್ತೈತಲ್ಲ!" ಅಂದ ನಮ್ಮ ಹುಡುಗ. ಆಯಿಲ್ ಜೊತೆ ನೀರು ಬೆರೆತರೆ ಹಾಗೇ ಆಗೋದು. ಬೋಲ್ಟಿನ ಅಯಸ್ಕಾಂತಕ್ಕೆ ಹಲ್ಲಿನ ಚೂರುಗಳು ಅಂಟಿದ್ದವು. ಬರೀ ಬೇರಿಂಗ್, ಸೀಲ್ ಹೋಗಿದ್ದರೆ ನಂಬರ್ ನೋಡಿ ತಂದು ಹಾಕುತ್ತಿದ್ದೆ. ಹಲ್ಲೇ ಮುರಿದ ಮೇಲೆ ಕ್ರೌನ್, ಪಿನಿಯನ್ ಹೊಸದು ಹಾಕಿ, ಶಿಮ್ ಅನ್ನೋ ತೆಳು ಬಿಲ್ಲೆ ಕೊಟ್ಟು ಹಲ್ಲುಗಳ ನಡುವಿನ ಸಡಿಲ (ಪ್ಲೇ) ಹೊಂದಿಸೋದು ಈ ಪುಟ್ಟ ಡಬ್ಬಿಗೆ ಗಿಟ್ಟುವ ಕೆಲಸ ಅಲ್ಲ. ಪೂರ್ತಿ ಸೆಟ್ಟನ್ನೇ ಬೆಂಗಳೂರಿಂದ ತರಿಸಿದೆ.

ಸೆಟ್ ಬಂದಾಗ ಮೊದಲು ಮಾಡಬೇಕಾದ ಕೆಲಸವನ್ನು ಎಷ್ಟೋ ಜನ ಮಾಡೋದಿಲ್ಲ. ಹೊರಗಿಂದ ಒಂದೇ ಥರ ಕಾಣುವ ಡಬ್ಬಿಯ ಒಳಗೆ ರೇಶಿಯೊ, ಅಂದರೆ ಆಕ್ಸಲ್ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತುತ್ತದೆ ಅನ್ನೋ ಲೆಕ್ಕ, ಬೇರೆ ಇರಬಹುದು. ಹಾಗೇನಾದರೂ ಆದರೆ ಫೋರ್ ವೀಲ್ ಹಾಕಿದಾಗ ಮುಂದಿನದು, ಹಿಂದಿನದು ಒಂದನ್ನೊಂದು ಜಗ್ಗಿ ಇನ್ನೇನೋ ಮುರಿಯುತ್ತದೆ. ಆಕ್ಸಲ್ ಕೂರುವ ಕಡೆ 10 ಸುತ್ತು ಬರೋವರೆಗೆ ಪಿನಿಯನ್ ಎಷ್ಟು ಸುತ್ತಬೇಕು ಅಂತ ಹಳೆಯದರಲ್ಲೂ ಹೊಸದರಲ್ಲೂ ಎಣಿಸಿದೆ. ತಾಳೆಯಾಯಿತು.

ಬಿಚ್ಚುವಾಗ ಹಬ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ, ಬ್ರೇಕ್ ಒತ್ತಿ ಹಿಡಿಸಿ, ಸಡಿಲ ಮಾಡಿಕೊಳ್ಳಬೇಕು. ಆಮೇಲೆ ಸ್ಟ್ಯಾಂಡ್. ಬ್ರೇಕ್ ಕ್ಯಾಲಿಪರನ್ನು ಪೈಪಿನಲ್ಲಿ ಜೋತುಬಿಡದೆ ತಂತಿಯಿಂದ ಕಟ್ಟಿದೆ. ಮೇಲಿನ ಆರ್ಮ್ ಬೋಲ್ಟ್ ತೆಗೆದು ಹಬ್ಬನ್ನು ಹೊರಗೆ ವಾಲಿಸಿದರೆ ಆಕ್ಸಲ್ ಬಿಟ್ಟುಕೊಳ್ಳಬೇಕು. ಬಿಡಲಿಲ್ಲ, ಒಳಗೆ ತುಕ್ಕು. ನಟ್ಟನ್ನು ತುದಿಗೆ ಸಮವಾಗಿ ತಿರುಗಿಸಿಟ್ಟು ತಾಮ್ರದ ಸುತ್ತಿಗೆಯಲ್ಲಿ ಬಡಿದೆ. ನಟ್ಟಿಲ್ಲದೆ ಬಡಿದರೆ ಚೂಡಿ, ಅಂದರೆ ನಟ್ ತಿರುಗುವ ಗೆರೆ, ಹೋಯಿತು ಅಂತಲೇ ಲೆಕ್ಕ. ಡಿಫರೆನ್ಷಿಯಲ್ ಕಡೆಯ ತುದಿಯಲ್ಲಿ ಸರ್ಕ್ಲಿಪ್ ಅನ್ನೋ ಸಣ್ಣ ಸ್ಪ್ರಿಂಗ್ ಬಳೆ ಹಿಡಿದಿರುತ್ತದೆ. ಅಲ್ಲಿ ನಡುವಿನ ರಾಡು ಹಿಡಿದು ಜಗ್ಗಬಾರದು, ಜಾಯಿಂಟ್ ಕಳಚಿ ಕೈಗೆ ಬರುತ್ತದೆ. ಒಳಗಿನ ಜಾಯಿಂಟನ್ನೇ ಹಿಡಿದು ಒಂದೇ ಏಟಿಗೆ ಎಳೆಯಬೇಕು. ಪ್ರೊಪೆಲ್ಲರ್ ಶಾಫ್ಟ್ ಕಳಚಿ, ನಾಲ್ಕು ಬೋಲ್ಟ್ ತೆಗೆದರೆ ಡಬ್ಬಿ ಪಕ್ಕಕ್ಕೆ ವಾಲಿಕೊಂಡು ಈಚೆ ಬಂತು.

ನೀರು ಹೊಕ್ಕಿದ್ದು ಎಲ್ಲಿಂದ ಅಂತ ಹುಡುಕದೆ ಹೊಸ ಡಬ್ಬಿ ಕೂರಿಸಿದರೆ ಸುಮ್ನೆ ದುಡ್ಡು ದಂಡ. ಆಕ್ಸಲ್ ಸೀಲ್‌ಗಳು ಅಷ್ಟೇನೂ ಹಾಳಾಗಿರಲಿಲ್ಲ. ನನ್ನ ಅನುಮಾನ ಡಬ್ಬಿ ಉಸಿರಾಡುವ ಬ್ರೀದರ್ ಪೈಪ್ ಮೇಲೆ. ಡಬ್ಬಿ ಮೇಲಿನ ಆ ಸಣ್ಣ ರಬ್ಬರ್ ಪೈಪನ್ನು ಯಾರೂ ಲೆಕ್ಕಕ್ಕಿಡೋದಿಲ್ಲ. ಅದು ಫ್ರೇಮಿನಿಂದ ಜಾರಿ ಬಾಯಿ ಕೆಳಗೆ ಮಾಡಿಕೊಂಡು ನೇತಾಡುತ್ತಿತ್ತು. ಬಿಸಿಲಲ್ಲಿ ಓಡಿ ಕಾದ ಡಬ್ಬಿ ಕಾಲುವೆ ನೀರಿಗೆ ಇಳಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಪೈಪಿನ ಬಾಯಿ ನೀರಲ್ಲಿದ್ದರೆ ನೀರನ್ನೇ ಹೀರುತ್ತದೆ. ಅದು ಮಣ್ಣು ಕಟ್ಟಿ ಮುಚ್ಚಿದ್ದರೂ ತಪ್ಪಿದ್ದಲ್ಲ, ಆಗ ಸೀಲ್ ಸಂದಿಯಿಂದ ಹೀರುತ್ತದೆ. ಹೊಸ ಪೈಪ್ ಹಾಕಿ ಸೀಟಿನ ಕೆಳಗಿನವರೆಗೂ ಏರಿಸಿ ಕ್ಲಿಪ್ ಹೊಡೆದೆ. ಇಡೀ ಕೆಲಸದಲ್ಲಿ ತೀರಾ ಅಗ್ಗದ ಸಾಮಾನು ಇದೇ.

ಜೋಡಿಸುವಾಗ ಶಾಫ್ಟಿನ ಹಲ್ಲುಗಳಿಗೆ ಮಾಲಿಬ್ಡಿನಮ್ ಬೆರೆಸಿದ ಗ್ರೀಸ್, ಆಕ್ಸಲ್‌ಗೆ ಹೊಸ ಸರ್ಕ್ಲಿಪ್. ಒಳಗೆ ತಳ್ಳಿದಾಗ ಟಕ್ ಅಂತ ಕೂತು, ಮೆಲ್ಲಗೆ ಹಿಂದಕ್ಕೆ ಎಳೆದರೆ ಬರಬಾರದು. ಸೀಲ್‌ನ ತುಟಿಗೆ ಆಕ್ಸಲ್ ಹಲ್ಲು ತಾಗದಂತೆ ನೋಡಿಕೊಳ್ಳಬೇಕು, ಇಲ್ಲಿ ಅವಸರ ಬೇಡ. ಹಬ್ ನಟ್ಟನ್ನು ಸರ್ವಿಸ್ ಬುಕ್ಕಿನಲ್ಲಿರುವಷ್ಟೇ ಟಾರ್ಕ್ ರೆಂಚಿನಲ್ಲಿ ಬಿಗಿದು, ಅದು ಸಡಿಲಾಗದಂತೆ ಹೊಸ ಕಾಟರ್ ಪಿನ್ ಹಾಕಿದೆ. ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಆಯಿಲ್ ಡ್ರಮ್ ಇತ್ತು. ಹುಡುಗ ಅದರಿಂದಲೇ ತುಂಬಲು ಹೊರಟಿದ್ದ, ತಡೆದೆ. ಈ ಗಾಡಿಗೆ ಹೇಳಿರೋದು 80ಡಬ್ಲ್ಯೂ-90 ಗೇರ್ ಆಯಿಲ್. ಅರ್ಧ ಲೀಟರೂ ಹಿಡಿಯೋದಿಲ್ಲ. ತುಂಬುವ ತೂತಿನ ಕೆಳಗಿನ ಅಂಚಿಗೆ ಬಂದರೆ ಸಾಕು.

ಸ್ಟ್ಯಾಂಡ್ ಮೇಲೆ ಲೋ ಗೇರಿನಲ್ಲಿ ತಿರುಗಿಸಿ ಕೇಳಿದೆವು. ಸದ್ದಿಲ್ಲ. ಸ್ವಲ್ಪ ದಿನ ಓಡಿದ ಮೇಲೆ ಆಯಿಲ್ ಬದಲಿಸಲು ಗಾಡಿಯನ್ನು ಮತ್ತೆ ತರಿಸಿಕೊಂಡೆ. ಅಯಸ್ಕಾಂತದ ಮೇಲೆ ನುಣ್ಣನೆ ಬೂದು ಪುಡಿ ಮಾತ್ರ ಇತ್ತು. ಹೊಸ ಹಲ್ಲು ಸವೆದು ಹೊಂದಿಕೊಳ್ಳುವಾಗ ಅಷ್ಟು ಇದ್ದೇ ಇರುತ್ತದೆ. ಚೂರು ಕಂಡರೆ ಮಾತ್ರ ಮತ್ತೆ ಬಿಚ್ಚಬೇಕು. ಅವರ ಇನ್ನೊಂದು ಗಾಡಿಯೂ ಏಸ್‌ನಲ್ಲಿ ಬಂದಿತ್ತು. ಅದರ ಬ್ರೀದರ್ ಪೈಪನ್ನೂ ಸೀಟಿನ ಕೆಳಗೆ ಏರಿಸಿ ಕಳಿಸಿದೆ.