ಸಿಟಿ ಕೌನ್ಸಿಲ್‌ನ ಜಮೀನು, ನಮ್ಮ ಉಸ್ತುವಾರಿ: ಅಲಾಟ್‌ಮೆಂಟ್ ಸಂಘದ ಅನುಭವ

ಇಂಗ್ಲೆಂಡಿನ ಕೌನ್ಸಿಲ್‌ಗಳ (ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತಗಳ) ಹತ್ತಿರ ಪಾರ್ಕು, ಲೈಬ್ರರಿಗಳ ಜೊತೆ ಬೇಸಾಯದ ಜಮೀನೂ ಇರುತ್ತದೆ. ಅದನ್ನು ಸಣ್ಣ ತುಂಡುಗಳಾಗಿ ಮಾಡಿ ಊರಿನವರಿಗೆ ವರ್ಷದ ಬಾಡಿಗೆಗೆ ಕೊಡುತ್ತಾರೆ. ಅಲಾಟ್‌ಮೆಂಟ್ ಅಂದರೆ ಇದೇ. ಒಂದು ಪೂರ್ತಿ ಪ್ಲಾಟ್ ಹಳೆಯ ಅಳತೆಯಲ್ಲಿ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಮನೆಗೆ ಬೇಕಾದ ತರಕಾರಿ, ಹಣ್ಣು ಬೆಳೆದುಕೊಳ್ಳಬೇಕು, ವ್ಯಾಪಾರ ಮಾಡುವಂತಿಲ್ಲ. 1950ರ ಕಾಯ್ದೆಯ ಪ್ರಕಾರ ಮೊಲ ಸಾಕಬಹುದು, ಹೇಟೆ ಕೋಳಿ ಸಾಕಬಹುದು, ಹುಂಜ ಮಾತ್ರ ಸಾಕುವ ಹಾಗಿಲ್ಲ.

ನಾನು ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಿನಲ್ಲಿದ್ದೇನೆ. ಇಲ್ಲಿನ ಒಂದು ಅಲಾಟ್‌ಮೆಂಟ್ ಸಂಘದ ಖಜಾಂಚಿ. ಮೊದಲು ಬಾಡಿಗೆ ವಸೂಲಿ, ಬೇಲಿ, ನೀರು ಎಲ್ಲ ಕೌನ್ಸಿಲ್ಲೇ ನೋಡಿಕೊಳ್ಳುತ್ತಿತ್ತು. 2010ರ ನಂತರ ಲಂಡನ್ ಸರ್ಕಾರದಿಂದ ಬರುವ ಅನುದಾನ ಕಡಿಮೆಯಾಗುತ್ತಾ ಬಂತು. ದೇಶದ ಎಷ್ಟೋ ಕೌನ್ಸಿಲ್‌ಗಳು ಇಂಥ ಕೆಲಸಗಳನ್ನು ಕೈಬಿಡಲು ದಾರಿ ಹುಡುಕಿದವು. ನಮಗೂ ಕಾಗದ ಬಂತು: 'ಜಮೀನು ನಮ್ಮದೇ ಇರುತ್ತದೆ, ನಿರ್ವಹಣೆ ನೀವೇ ವಹಿಸಿಕೊಳ್ಳಿ.' ನಾವು ಒಪ್ಪಿಕೊಂಡೆವು. ಈಗ ಬರ್ಮಿಂಗ್‌ಹ್ಯಾಮ್, ಲೆಸ್ಟರ್, ಸ್ಲೌ ಕಡೆ ಪ್ಲಾಟ್ ಇಟ್ಟುಕೊಂಡಿರುವ ಕನ್ನಡದವರು ಆಗಾಗ ಫೋನ್ ಮಾಡಿ, 'ನಮ್ಮ ಸಂಘಕ್ಕೂ ಹೀಗೇ ಕೇಳ್ತಿದ್ದಾರೆ, ತಗೋಬಹುದಾ?' ಅನ್ನುತ್ತಾರೆ. ತಗೊಳ್ಳಿ ಅನ್ನುತ್ತೇನೆ. ಆದರೆ ಸಹಿ ಹಾಕುವ ಮೊದಲು ಯಾವ ಕೆಲಸ ಯಾರದ್ದು ಅನ್ನುವ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಉಳಿದ ಎಲ್ಲವೂ ಆ ಪಟ್ಟಿಯ ಮೇಲೇ ನಿಂತಿದೆ.

ವಹಿಸಿಕೊಡುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಸಂಘ ಬರೀ ಏಜೆಂಟ್. ಪ್ಲಾಟಿನವರ ಒಪ್ಪಂದ ಕೌನ್ಸಿಲ್ ಜೊತೆಗೇ ಇರುತ್ತದೆ. ಸಂಘ ಬಾಡಿಗೆ ವಸೂಲಿ ಮಾಡಿ, ಕಾಯುವವರ ಪಟ್ಟಿ ನೋಡಿಕೊಂಡು, ಹಣದಲ್ಲಿ ಒಂದು ಪಾಲು ಇಟ್ಟುಕೊಳ್ಳುತ್ತದೆ. ಎರಡನೆಯದರಲ್ಲಿ ಇಡೀ ಜಾಗವನ್ನು ಸಂಘ ಲೀಸಿಗೆ ತೆಗೆದುಕೊಳ್ಳುತ್ತದೆ. ಪ್ಲಾಟಿನವರು ಸಂಘದ ಬಾಡಿಗೆದಾರರಾಗುತ್ತಾರೆ. ಬಂದ ಹಣವೆಲ್ಲ ಸಂಘದ್ದು, ಖರ್ಚೂ ಸಂಘದ್ದು. ನಾವು ಆರಿಸಿಕೊಂಡಿದ್ದು ಎರಡನೆಯದು. ಅರ್ಧ ಅಧಿಕಾರ ಇಟ್ಟುಕೊಂಡು ಪೂರ್ತಿ ಬೈಗುಳ ತಿನ್ನುವುದು ನಮಗೆ ಬೇಕಿರಲಿಲ್ಲ.

ಕೌನ್ಸಿಲ್ ಕಳಿಸಿದ ಮೊದಲ ಕರಡಿನಲ್ಲಿ ಒಂದು ವಾಕ್ಯ ಇತ್ತು: ಜಾಗದ 'ಎಲ್ಲಾ ದುರಸ್ತಿ' ಸಂಘದ ಹೊಣೆ. ಓದಲು ಸಣ್ಣದು. ನಾವು ಕಮಿಟಿಯವರು ಅದನ್ನು ಕೈಯಲ್ಲಿ ಹಿಡಿದು ಜಾಗವನ್ನೆಲ್ಲ ಸುತ್ತಿದೆವು. ಒಂದು ಕಡೆ ರೈಲು ಹಳಿ ಪಕ್ಕದ ಹಳೇ ಬೇಲಿ. ಇನ್ನೊಂದು ಕಡೆ ಸಾಲು ಆ್ಯಷ್ ಮರ. ಈ ಮರಗಳಿಗೆ ಈಗ ದೇಶದ ಉದ್ದಗಲಕ್ಕೂ ಒಂದು ಶಿಲೀಂಧ್ರ ರೋಗ ಹಬ್ಬಿದೆ. ಕೊಂಬೆ ಒಣಗಿ ಮುರಿದು ಬೀಳುತ್ತವೆ. ರಸ್ತೆ ಕಡೆ ವಾಲಿರುವ ಒಂದು ದೊಡ್ಡ ಮರ ಕಡಿಸುವುದಕ್ಕೇ ನಮ್ಮ ಇಡೀ ವರ್ಷದ ಉಳಿತಾಯ ಸಾಲದು. ಆಮೇಲೆ ಹಳೇ ಶೆಡ್ಡುಗಳು. ಎಷ್ಟೋ ಶೆಡ್ಡಿನ ಮೇಲೆ ಕಲ್ನಾರಿನ ಸಿಮೆಂಟ್ ಶೀಟು. ಬ್ರಿಟನ್ನಿನಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದಕ್ಕೂ ಮುಂಚಿನ ಶೀಟು ಅಲ್ಲೇ ಉಳಿದುಬಿಟ್ಟಿದೆ. ಒಡೆದರೆ ಧೂಳು ಶ್ವಾಸಕೋಶಕ್ಕೆ ಅಪಾಯ. ಸುಮ್ನೆ ಎತ್ತಿ ಕಸಕ್ಕೆ ಹಾಕುವ ಹಾಗಿಲ್ಲ.

ಇದೆಲ್ಲದರ ಫೋಟೋ ತೆಗೆದೆವು. ನಕಾಶೆಯಲ್ಲಿ ಗುರುತು ಹಾಕಿದೆವು. ಹಸ್ತಾಂತರದ ದಿನ ಜಾಗ ಯಾವ ಸ್ಥಿತಿಯಲ್ಲಿದೆ ಎಂಬ ವರದಿಯಾಗಿ ಅದನ್ನು ಲೀಸಿಗೆ ಸೇರಿಸಬೇಕು ಎಂದು ಕೇಳಿದೆವು. ಮಾತುಕತೆ ತುಂಬಾ ದಿನ ಎಳೆಯಿತು. ಕೊನೆಗೆ ಹೀಗೆ ಗಟ್ಟಿಯಾಯಿತು: ಎಲ್ಲೆ ಬೇಲಿ, ದೊಡ್ಡ ಮರ, ಹಸ್ತಾಂತರಕ್ಕೆ ಮೊದಲೇ ಇದ್ದ ಕಲ್ನಾರು ಕೌನ್ಸಿಲ್‌ಗೆ. ಒಳಗಿನ ದಾರಿ, ಗಿಡದ ಬೇಲಿ ಕತ್ತರಿಸುವುದು, ಖಾಲಿ ಪ್ಲಾಟಿನ ಕಳೆ, ನೀರಿನ ಪೈಪು ನಮಗೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಪುಕ್ಕಟೆ ಸಮಾನವಾದ ಲೀಸ್ ಸಿಕ್ಕಿತು ಎಂದು ಖುಷಿಪಟ್ಟ ಬೇರೆ ಸಂಘದವರು ಒಂದೇ ಮರದ ಬಿಲ್ಲಿಗೆ ಸುಸ್ತಾಗಿದ್ದನ್ನು ನಾನು ನೋಡಿದ್ದೇನೆ.

ಗಿಡದ ಬೇಲಿಯ ವಿಷಯದಲ್ಲಿ ಒಂದು ಮಾತು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಗೂಡು ಕೆಡಿಸುವುದು ಅಪರಾಧ. ಆದ್ದರಿಂದ ಕತ್ತರಿಸುವ ಕೆಲಸವನ್ನೆಲ್ಲ ಚಳಿಗಾಲಕ್ಕೆ ಇಟ್ಟುಕೊಳ್ಳಬೇಕು. ಆಗ ಕೆಲಸಕ್ಕೆ ಬರುವವರೇ ಕಡಿಮೆ.

ಇನ್ನು ನೀರು. ನಮ್ಮ ಲೆಕ್ಕಪುಸ್ತಕದಲ್ಲಿ ಅತಿ ದೊಡ್ಡ ಖರ್ಚು ಇದೇ. ಜಾಗದಲ್ಲಿ ಅಲ್ಲಲ್ಲಿ ತೊಟ್ಟಿಗಳಿವೆ. ನೆಲದಡಿಯ ಪೈಪಿನಿಂದ ತುಂಬುತ್ತವೆ. ಪೈಪು ಎಷ್ಟು ಹಳೆಯದೋ, ಎಲ್ಲಿ ಹಾದಿದೆಯೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೌನ್ಸಿಲ್ ಕಾಲದಲ್ಲಿ ನೀರು ಸೋರಿದರೆ ಯಾವುದೋ ಕಚೇರಿಯಲ್ಲಿ ಬಿಲ್ ಕಟ್ಟಿಬಿಡುತ್ತಿದ್ದರು. ಈಗ ಸೋರುವ ಒಂದೊಂದು ಹನಿಯೂ ನಮ್ಮ ಖಾತೆಯಿಂದ ಹೋಗುತ್ತದೆ. ಹಾಗಾಗಿ ಮೊದಲು ಮಾಡಿದ ಕೆಲಸ, ಒಂದು ರಾತ್ರಿ ಎಲ್ಲ ತೊಟ್ಟಿಯ ವಾಲ್ವ್ ಮುಚ್ಚಿ ಮೀಟರ್ ಓದಿದ್ದು. ಬೆಳಿಗ್ಗೆ ಮತ್ತೆ ಓದಿದಾಗ ಮುಳ್ಳು ಮುಂದೆ ಹೋಗಿತ್ತು. ಒಂದೊಂದೇ ಭಾಗ ಮುಚ್ಚುತ್ತಾ ಹೋಗಿ ಸೋರಿಕೆ ಇರುವ ಕಡೆ ಅಗೆದೆವು. ಈಗ ನಮ್ಮಲ್ಲಿ ಒಬ್ಬರು ನೀರಿನ ಉಸ್ತುವಾರಿಗೇ ಇದ್ದಾರೆ. ನಮ್ಮ ಹಳ್ಳಿ ಕೆರೆಗೆ ನೀರುಗಂಟಿ ಇದ್ದ ಹಾಗೆ. ಮುಖ್ಯ ವಾಲ್ವಿನ ಕೀ ಅವರ ಹತ್ತಿರ. ಚಳಿ ಹಿಡಿದು ಪೈಪು ಹೆಪ್ಪುಗಟ್ಟಿ ಒಡೆಯುವ ಮುಂಚೆ ಶರತ್ಕಾಲದಲ್ಲಿ ಮುಚ್ಚುತ್ತಾರೆ, ವಸಂತ ಬಂದ ಮೇಲೆ ತೆಗೆಯುತ್ತಾರೆ. ವಾರಕ್ಕೊಮ್ಮೆ ಮೀಟರ್ ಓದಿ ಗುಂಪಿಗೆ ಕಳಿಸುತ್ತಾರೆ. ಹೋಸ್ ಪೈಪ್ ಹಚ್ಚಿ ಬಿಟ್ಟು ಮನೆಗೆ ಹೋಗುವವರಿಗೆ ಆ ಒಂದು ಸಂಖ್ಯೆಯೇ ಸಾಕು. ಇನ್ನೊಂದು ವಿಷಯ: 2017ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಮನೆಯಲ್ಲದ ಗ್ರಾಹಕರು ನೀರಿನ ಬಿಲ್ಲಿನ ಕಂಪನಿಯನ್ನು ತಾವೇ ಆರಿಸಿಕೊಳ್ಳಬಹುದು. ಮೀಟರ್ ಸಂಘದ ಹೆಸರಿಗೆ ಬಂದ ಕೂಡಲೇ ದರ ವಿಚಾರಿಸಿ. ಹಸ್ತಾಂತರದ ದಿನದ ಮೀಟರ್ ಓದಿನ ಫೋಟೋ ಅಂತೂ ಮರೆಯಲೇಬೇಡಿ.

ಕಾನೂನಿನ ಕಣ್ಣಲ್ಲಿ ಸಂಘ ಏನು ಎಂಬುದು ಮುಂದಿನ ಪ್ರಶ್ನೆ. ಎಲ್ಲೂ ನೋಂದಣಿ ಆಗದ ಸಂಘದ ಹೆಸರಿಗೆ ಲೀಸ್ ಆಗುವುದಿಲ್ಲ. ಟ್ರಸ್ಟಿಗಳಾಗಿ ಹೆಚ್ಚೆಂದರೆ ನಾಲ್ಕು ಜನ ಸ್ವಂತ ಹೆಸರಲ್ಲಿ ಸಹಿ ಹಾಕಬೇಕು. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಹೊಣೆ ಅವರ ತಲೆ ಮೇಲೇ ಬರಬಹುದು. ಪ್ರೀತಿಯಿಂದ ತರಕಾರಿ ಬೆಳೆಯುವ ನಿವೃತ್ತರನ್ನು ಇಂಥ ಜಾಗದಲ್ಲಿ ಕೂರಿಸುವುದು ಸರಿಯಲ್ಲ. ನಾವು 2014ರ ಸಹಕಾರಿ ಮತ್ತು ಸಮುದಾಯ ಹಿತ ಸಂಘಗಳ ಕಾಯ್ದೆಯಡಿ ನೋಂದಾಯಿಸಿಕೊಂಡೆವು. ಆಮೇಲೆ ಲೀಸ್ ಸಂಘದ ಹೆಸರಿಗೇ ಆಯಿತು. 1930ರಿಂದ ಇರುವ ರಾಷ್ಟ್ರೀಯ ಅಲಾಟ್‌ಮೆಂಟ್ ಸೊಸೈಟಿಯ ಸದಸ್ಯರಾದರೆ ಮಾದರಿ ನಿಯಮಾವಳಿ, ಕಾನೂನು ಸಲಹೆ ಸಿಗುತ್ತದೆ. ಸಾರ್ವಜನಿಕ ಹೊಣೆಗಾರಿಕೆ ವಿಮೆಯಂತೂ ಬೇಕೇ ಬೇಕು.

ಬಾಡಿಗೆ ವಸೂಲಿ ಸುಲಭ. ಪ್ಲಾಟ್ ಬಿಡಿಸುವುದು ಕಷ್ಟ. ಕೌನ್ಸಿಲ್ ನೇರವಾಗಿ ಕೊಟ್ಟ ಪ್ಲಾಟಿಗೆ 1908ರ ಕಾಯ್ದೆಯ ನಿಯಮ ಇದೆ: ಬಾಡಿಗೆ 40 ದಿನ ಬಾಕಿ ಉಳಿದರೆ, ಅಥವಾ ಪ್ಲಾಟ್ ಪಡೆದು ಮೂರು ತಿಂಗಳಾದ ಮೇಲೂ ನಿಯಮ ಪಾಲಿಸದಿದ್ದರೆ, ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು. ನಮ್ಮ ಒಪ್ಪಂದದಲ್ಲೂ ಇದೇ ರೀತಿ ಬರೆದುಕೊಂಡೆವು. ಕಾಗದದಲ್ಲಿ ಎರಡು ಸಾಲು. ಆದರೆ ಪಕ್ಕದ ಪ್ಲಾಟಿನವರಿಗೆ, ದಿನಾ ಟೀ ಕುಡಿಯಲು ಕರೆಯುವವರಿಗೆ ಆ ನೋಟಿಸ್ ಕೊಡಬೇಕಲ್ವಾ? ಕಳೆ ಏಕೆ ಬೆಳೆದಿದೆ ಅಂತ ವಿಚಾರಿಸಿದರೆ ಒಬ್ಬರಿಗೆ ಮಂಡಿ ಆಪರೇಷನ್, ಇನ್ನೊಬ್ಬರ ಮನೆಯಲ್ಲಿ ಸಾವು. ಅದಕ್ಕೇ ನಾವು ನೋಟಿಸ್‌ಗೆ ಮುಂಚೆ ಮನೆಗೆ ಫೋನ್ ಮಾಡುವ ಪದ್ಧತಿ ಇಟ್ಟಿದ್ದೇವೆ. ಕಾಯಿಲೆ ಇದ್ದರೆ ಅರ್ಧ ಪ್ಲಾಟ್ ಇಟ್ಟುಕೊಳ್ಳಲು ಹೇಳುತ್ತೇವೆ. ತಪಾಸಣೆಗೆ ಯಾವಾಗಲೂ ಇಬ್ಬರು ಹೋಗುತ್ತಾರೆ, ಅದರಲ್ಲಿ ಒಬ್ಬರು ಜಾಗದ ಬೇರೆ ಮೂಲೆಯವರು. ಸಂಘದ ತೀರ್ಮಾನ ಒಪ್ಪದವರು ಕೌನ್ಸಿಲ್‌ಗೆ ಮೇಲ್ಮನವಿ ಹಾಕಬಹುದು ಎಂದು ಲೀಸಿನಲ್ಲೇ ಬರೆಸಿದ್ದೇವೆ. ಕೌನ್ಸಿಲ್ ಇದನ್ನು ಬಿಟ್ಟುಬಿಡಲು ನೋಡಿತು. ನಾವು ಬಿಡಲಿಲ್ಲ. ಸಾರ್ವಜನಿಕ ಜಮೀನಿನಿಂದ ಒಬ್ಬರನ್ನು ಹೊರಗೆ ಕಳಿಸುವ ಕೊನೆಯ ಮಾತು ನಾಲ್ಕು ಜನ ಅಕ್ಕಪಕ್ಕದವರ ಕೈಯಲ್ಲಿ ಇರಬಾರದು.

ಕಾಯುವವರ ಪಟ್ಟಿಯ ವಿಷಯಕ್ಕೆ ಬಂದರೆ, ಕೊರೊನಾ ವರ್ಷದಲ್ಲಿ ಅದು ಒಂದೇ ಸಮನೆ ಬೆಳೆಯಿತು. ದಾವಣಗೆರೆ ಕಡೆಯ ಹುಡುಗನೊಬ್ಬ ಆಗ ಫೋನ್ ಮಾಡಿದ್ದ. 'ಅಣ್ಣಾ, ಬಾಡಿಗೆ ಡಬಲ್ ಕೊಡ್ತೀನಿ, ನನ್ನ ಹೆಸರು ಸ್ವಲ್ಪ ಮುಂದೆ ಹಾಕಿ' ಅಂದ. ಪಾಪ, ಅವನ ತಪ್ಪೇನಿಲ್ಲ. ನಮ್ಮ ಕಡೆ ಸರ್ಕಾರಿ ಜಾಗದ ಹುಣಸೆ, ಮಾವು, ತೆಂಗಿನ ಫಸಲು ಹರಾಜಿಗೆ ಹೋಗುತ್ತದೆ. ಜಾಸ್ತಿ ಕೂಗಿದವರಿಗೆ ಫಸಲು. ಫಸಲು ಮಾರುವುದಕ್ಕೆ ಅದು ಸರಿ ಇರಬಹುದು. ಇಲ್ಲಿ ಮಾರುತ್ತಿರುವುದು ಏನೂ ಇಲ್ಲ. ಫ್ಲ್ಯಾಟಿನಲ್ಲಿ ಇರುವವರಿಗೆ, ಹಿತ್ತಲು ಇಲ್ಲದವರಿಗೆ ಮಣ್ಣು ಸಿಗಲಿ ಎಂದೇ ಈ ಜಮೀನು ಉಳಿದಿರುವುದು. 'ನಿನ್ನ ಸರದಿ ಬರುತ್ತಪ್ಪಾ, ಅಲ್ಲಿವರೆಗೆ ಶನಿವಾರ ಬಂದು ನನ್ನ ಜೊತೆ ಅಗಿ' ಅಂದೆ. ಬಂದ. ಸರದಿ ಬೇಗ ಬರಲಿ ಎಂದು ನಾವು ಒಂದು ನಿಯಮ ಮಾಡಿದೆವು: ಖಾಲಿಯಾದ ಪೂರ್ತಿ ಪ್ಲಾಟನ್ನು ಎರಡು ಭಾಗ ಮಾಡಿ ಕೊಡುವುದು. ಹೊಸಬರಿಗೆ ಒಂದೂಕಾಲು ಗುಂಟೆಯೇ ಸಾಕಷ್ಟು ಕೆಲಸ. ಪಟ್ಟಿಯ ಕ್ರಮಸಂಖ್ಯೆಯನ್ನು ಹೆಸರಿಲ್ಲದೆ ಗೇಟಿನ ಬೋರ್ಡಿಗೆ ಅಂಟಿಸುತ್ತೇವೆ. ಇದಾದ ಮೇಲೆ ಕಮಿಟಿಯವರು ತಮ್ಮವರಿಗೇ ಕೊಡುತ್ತಾರೆ ಎಂಬ ಗುಸುಗುಸು ನಿಂತಿತು.

ನಿರ್ವಹಣೆ ಕೈಗೆ ಬಂದ ಮೇಲೆ ಒಳ್ಳೆಯದು ಏನಾಯಿತು ಎಂದು ಕೇಳುತ್ತೀರಿ. ಉಳಿದ ಹಣ ಈ ಜಾಗಕ್ಕೇ ಖರ್ಚಾಗುತ್ತದೆ, ಇದು ದೊಡ್ಡದು. ಮೊದಲು ಗೇಟಿನ ಬೀಗ ಕೆಟ್ಟರೆ ತಿಂಗಳುಗಟ್ಟಲೆ ಕಾಯಬೇಕಿತ್ತು, ಈಗ ಅದೇ ವಾರ ಹೊಸದು. ಕುದುರೆ ಲಾಯದಿಂದ ಲೋಡುಗಟ್ಟಲೆ ಗೊಬ್ಬರ ತರಿಸಿ ಹಂಚುತ್ತೇವೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಎತ್ತರದ ಪಾತಿಗಳನ್ನು ಕಟ್ಟಿದ್ದೇವೆ. ನನ್ನ ಪ್ಲಾಟಿನಲ್ಲಿ ಬೇಸಿಗೆಗೆ ಮೆಂತ್ಯ, ಕೊತ್ತಂಬರಿ, ಬೀನ್ಸ್, ಮೂಲಂಗಿ ಚೆನ್ನಾಗಿ ಬರುತ್ತವೆ. ಅವರೆ ಮಾತ್ರ ಒಲಿದಿಲ್ಲ. ಹೂ ಬಿಡುವ ಹೊತ್ತಿಗೆ ಚಳಿ ಬಂದುಬಿಡುತ್ತದೆ. ಪಕ್ಕದ ಪ್ಲಾಟಿನ ಜಮೈಕಾದ ಅಜ್ಜಿ ಬೆಳೆಯುವ ಕಲಾಲೂ ಸೊಪ್ಪು ನಮ್ಮ ದಂಟಿನ ಜಾತಿಯದೇ. ಬೀಜ ಅವರಿಂದ ಬರುತ್ತದೆ, ಸಾರು ನಮ್ಮ ಮನೆಯಿಂದ ಅವರ ಮನೆಗೆ ಹೋಗುತ್ತದೆ.

ನನಗೆ ನಿಜವಾಗಿ ಭಯ ಇರುವುದು ಜಮೀನಿನ ಬಗ್ಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ದೇಶದಲ್ಲಿ ಸುಮಾರು 14 ಲಕ್ಷ ಪ್ಲಾಟುಗಳಿದ್ದವು. ಈಗ ಮೂರು ಲಕ್ಷದ ಚಿಲ್ಲರೆ. ಕಳೆದುಹೋದದ್ದರಲ್ಲಿ ತುಂಬಾ ಕಡೆ ಮನೆ, ರಸ್ತೆ, ಅಂಗಡಿ ಎದ್ದಿವೆ. 1925ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಅಲಾಟ್‌ಮೆಂಟ್‌ಗಾಗಿಯೇ ಕೊಂಡ ಅಥವಾ ಮೀಸಲಿಟ್ಟ ಜಮೀನನ್ನು ಕೌನ್ಸಿಲ್ ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಆದರೆ 'ತಾತ್ಕಾಲಿಕ' ಎಂದು ದಾಖಲಾದ ಜಾಗಗಳಿಗೆ ಈ ರಕ್ಷಣೆ ಇಲ್ಲ. ನೋಡಲು ಎರಡೂ ಒಂದೇ ತರಹ ಇರುತ್ತವೆ. ನಿಮ್ಮ ಜಾಗ ಯಾವುದು ಎಂದು ಕೌನ್ಸಿಲ್‌ನಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ನಾವು ಆ ಪತ್ರವನ್ನು ಲೀಸಿಗೆ ಲಗತ್ತಿಸಿದ್ದೇವೆ. ಲೀಸಿನ ನಡುವೆ ಜಾಗ ವಾಪಸ್ ಪಡೆಯುವ ಅವಕಾಶ ಕೌನ್ಸಿಲ್‌ಗೆ ಇದೆಯೇ, ಇದ್ದರೆ ಯಾವ ಕಾರಣಕ್ಕೆ, ಎಷ್ಟು ನೋಟಿಸ್ ಕೊಟ್ಟು ಎಂಬುದನ್ನೂ ಹುಡುಕಿ ಓದಿ. ಸಾಮಾನ್ಯವಾಗಿ ಇದು ಕೊನೆಯ ಪುಟಗಳಲ್ಲಿ ಇರುತ್ತದೆ.

ಊರಲ್ಲಿ ಅಲಾಟ್‌ಮೆಂಟೇ ಇಲ್ಲದವರಿಗೂ ದಾರಿ ಇದೆ. 1908ರ ಕಾಯ್ದೆಯಲ್ಲಿ ಬೇಡಿಕೆ ಇರುವ ಕಡೆ ಸಾಕಷ್ಟು ಪ್ಲಾಟ್ ಒದಗಿಸುವುದು ಕೌನ್ಸಿಲ್‌ನ ಕರ್ತವ್ಯ. ಮತದಾರರ ಪಟ್ಟಿಯಲ್ಲಿ ಇರುವ ಅಥವಾ ಕೌನ್ಸಿಲ್ ತೆರಿಗೆ ಕಟ್ಟುವ 6 ಜನ ಸೇರಿ ಲಿಖಿತವಾಗಿ ಕೇಳಿದರೆ ಅದನ್ನು ಪರಿಗಣಿಸಲೇಬೇಕು. ಪ್ಯಾರಿಷ್ ಕೌನ್ಸಿಲ್ (ಗ್ರಾಮ ಪಂಚಾಯಿತಿಯಂಥದ್ದು) ಇರುವ ಕಡೆ ಅರ್ಜಿ ಅವರಿಗೆ ಕೊಡಿ. ಒಳ ಲಂಡನ್ನಿನ ಬರೋಗಳಿಗೆ, ಅಂದರೆ ಅಲ್ಲಿನ ಒಂದೊಂದು ಭಾಗದ ಕೌನ್ಸಿಲ್‌ಗಳಿಗೆ, ಈ ಕರ್ತವ್ಯ ಇಲ್ಲ. ಸ್ಕಾಟ್ಲೆಂಡಿನಲ್ಲಿ ಇರುವವರು 2015ರ ಅವರದೇ ಕಾಯ್ದೆ ನೋಡಬೇಕು. ಅಲ್ಲಿ ಯಾರೂ ಪಟ್ಟಿಯಲ್ಲಿ 5 ವರ್ಷಕ್ಕಿಂತ ಹೆಚ್ಚು ಕಾಯದಂತೆ ಕೌನ್ಸಿಲ್ ಪ್ರಯತ್ನ ಮಾಡಬೇಕು ಎಂದಿದೆ. ಅರ್ಜಿಯ ಒಂದು ಪ್ರತಿ, ಕೊಟ್ಟ ತಾರೀಕು ಇಟ್ಟುಕೊಳ್ಳಿ. ಆರು ಜನರಲ್ಲಿ ಒಬ್ಬರಾದರೂ ಲೆಕ್ಕ ಬರೆಯಲು ಬೇಸರ ಪಡದವರು ಇರಲಿ, ಮುಂದೆ ಬೇಕಾಗುತ್ತಾರೆ.